ಮೂರು ಬ್ಲೇಡಿನ ರೇಜರ್‌ಗಿಂತ ನನಗೆ ಹಳೆ ‘ಸೆಟ್’ ವಾಸಿ

ಕಳೆದ ಮಳೆಗಾಲದಲ್ಲಿ ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ “ಒಂದು ರೇಜರ್ ಕೊಡಿ” ಅಂದೆ. ಕೈಗೆ ಬಂದದ್ದು ಮೂರು ಬ್ಲೇಡಿನ ಕಾರ್ಟ್ರಿಜ್ ರೇಜರ್, ಅಂದರೆ ಬ್ಲೇಡುಗಳು ಕೂಡಿಕೊಂಡ ತಲೆಯನ್ನೇ ಇಡಿಯಾಗಿ ಬದಲಿಸುವಂಥದ್ದು. ನನಗೆ ಬೇಕಾಗಿದ್ದದ್ದು ಬ್ಲೇಡ್ ಇಟ್ಟು ತಿರುಗಿಸಿ ಬಿಗಿ ಮಾಡುವ ಹಳೆ ಮಾದರಿಯದ್ದು.

ರೇಜರ್ ಅಂದರೆ ನಮ್ಮ ಮನೆಯಲ್ಲೇ ಒಬ್ಬೊಬ್ಬರಿಗೆ ಒಂದೊಂದು. ಅಜ್ಜನಿಗೆ ಅದು ಚರ್ಮದ ಪಟ್ಟಿಗೆ ಉಜ್ಜಿ ಹರಿತ ಮಾಡುವ ಮಡಚುವ ಕತ್ತಿ. ನನಗೆ ಬೇಕಾಗಿದ್ದಂಥದ್ದನ್ನು ಅಪ್ಪ ‘ಶೇವಿಂಗ್ ಸೆಟ್’ ಅನ್ನುತ್ತಿದ್ದರು. ಈಗಿನ ಹುಡುಗರಿಗೆ ಪ್ಲಾಸ್ಟಿಕ್ ಹಿಡಿಯದ್ದು.

ಇರಲಿ. ದುಡ್ಡು ಕೊಟ್ಟು ತಂದದ್ದು ಅಲ್ವಾ, ಎರಡು ತಿಂಗಳು ಬಳಸಿದೆ.

ನನಗೆ ತೋಟದ ಕೆಲಸ. ದಿನಾ ಗಡ್ಡ ತೆಗೆಯುವ ಅಭ್ಯಾಸ ಇಲ್ಲ. ಪೇಟೆಗೆ ಹೋಗುವುದಿದ್ದರೆ, ಪೂಜೆಯೋ ಮದುವೆಯೋ ಇದ್ದರೆ ಮಾತ್ರ. ಹಾಗಾಗಿ ನಾಲ್ಕೈದು ದಿನದ ಗಡ್ಡ ಇರುತ್ತದೆ. ಕಾರ್ಟ್ರಿಜ್ ಸೋತದ್ದು ಇಲ್ಲೇ. ಕೆನ್ನೆಯ ಮೇಲೆ ಎರಡು ಸಲ ಎಳೆದರೆ ಸಾಕು, ಬ್ಲೇಡುಗಳ ನಡುವಿನ ಸಂದಿಯಲ್ಲಿ ಕೂದಲು ಸೋಪಿನ ಜೊತೆ ಸೇರಿ ಬೂದು ಬಣ್ಣದ ಹಿಟ್ಟಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಮೂರನೆಯ ಸಲಕ್ಕೆ ಅದು ಕತ್ತರಿಸುವುದಿಲ್ಲ, ಜಾರುತ್ತದೆ.

ನಳ್ಳಿಯ ಕೆಳಗೆ ಹಿಡಿದೆ, ಹೋಗಲಿಲ್ಲ. ಹಂಡೆಯ ಬಿಸಿನೀರಲ್ಲಿ ಅದ್ದಿದೆ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಒಗೆಯುವ ಕಲ್ಲಿಗೆ ಕುಟ್ಟಿದ ದಿನ ತಲೆಯೇ ಕಳಚಿ ಬಿತ್ತು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ.

ಮೇಲಿಂದ ಕುತ್ತಿಗೆಯಲ್ಲಿ ಗುಳ್ಳೆ. ಬ್ಲೇಡು ಜಾಸ್ತಿ ಇದ್ದರೆ ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ನನ್ನಂಥ ಗುಂಗುರು ಗಡ್ಡವಾದರೆ ಅದು ಮತ್ತೆ ಬೆಳೆಯುವಾಗ ಒಳಕ್ಕೇ ತಿರುಗುತ್ತದೆ. ಆ ಗುಳ್ಳೆಗೆ ಬೆವರು ತಾಗಿದರೆ ಉರಿ ತಡೆಯಲಾಗುವುದಿಲ್ಲ.

ಕೊನೆಗೆ ಲೋಹದ ಸೆಟ್ ತಂದೆ. ಜಿಲೆಟ್ 1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಉಪಾಯವೇ ಇದು: ಹಿಡಿ ಉಳಿಯುತ್ತದೆ, ಬ್ಲೇಡ್ ಮಾತ್ರ ಬದಲು. ಹಿಡಿ ಸಡಿಲಿಸಿ ನೀರು ಬಿಟ್ಟರೆ ಸೋಪು, ಕೂದಲು ಎಲ್ಲ ಒಂದೇ ಸಲಕ್ಕೆ ಹೋಗುತ್ತದೆ. ಯಾವ ಕಂಪೆನಿಯ ಬ್ಲೇಡಾದರೂ ಕೂರುತ್ತದೆ. ಒಂದು ಕಾರ್ಟ್ರಿಜ್‌ನ ದುಡ್ಡಿಗೆ ನನಗೆ ತಿಂಗಳುಗಟ್ಟಲೆ ಬ್ಲೇಡ್ ಬರುತ್ತದೆ.

ಮೊದಲ ವಾರ ಗಲ್ಲದ ಹತ್ತಿರ ಎರಡು ಕಡೆ ಗಾಯವಾಯಿತು, ನಿಜ. ಒತ್ತಬಾರದು. ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಅದರ ಭಾರಕ್ಕೇ ಇಳಿಯಲು ಬಿಡಬೇಕು. ಆಮೇಲೆ ಒದ್ದೆ ಪಟಿಕದ ತುಂಡು ಸವರಿದರೆ ಆಯಿತು.

ಬಳಸಿ ಬಿಸಾಡುವ ರೇಜರ್ ಪ್ರಯಾಣಕ್ಕೆ ಅಡ್ಡಿಯಿಲ್ಲ. ಟ್ರಿಮ್ಮರ್ ನುಣ್ಣಗೆ ತೆಗೆಯುವುದಿಲ್ಲ.

ಗಲ್ಫ್‌ನಲ್ಲಿರುವ ತಮ್ಮನಿಗೆ ಕಾರ್ಟ್ರಿಜ್ಜೇ ಇಷ್ಟ. ಅವನು ದಿನಾ ಶೇವ್ ಮಾಡುತ್ತಾನೆ, ಕಟ್ಟಿಕೊಳ್ಳುವ ಕಾಟ ಇಲ್ಲ. ಬಿಡಿ ಬ್ಲೇಡನ್ನು ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದೂ ಇಲ್ಲ. ಉಳಿದ ಎರಡು ಕಾರ್ಟ್ರಿಜ್ ಅವನಿಗೇ ಕೊಟ್ಟೆ.