ಹನ್ನೊಂದು ವರ್ಷ ಬಳಸಿದ 0–25 ಮೈಕ್ರೋಮೀಟರ್: ನನ್ನ ಅನುಭವ

ಸ್ಕ್ರೂ ತಿರುಗಿಸಿ ದಪ್ಪ ಅಳೆಯುವ ಈ ಮೈಕ್ರೋಮೀಟರ್ ಕೊಂಡು ಹನ್ನೊಂದು ವರ್ಷವಾಯಿತು. ಬ್ಯಾಟರಿ ಇಲ್ಲದ, ಗೆರೆ ನೋಡಿ ಓದುವ ಮಾದರಿ. ಅಳತೆ 0ರಿಂದ 25 ಮಿ.ಮೀ. ಅಳೆಯುವ ಮುಖಗಳು ಗಟ್ಟಿ ಕಾರ್ಬೈಡ್. ತಿರುಗದ ಕೊಳವೆ, ಅಂದರೆ ಸ್ಲೀವ್ ಮೇಲೆ ಇನ್ನೂ ಸೂಕ್ಷ್ಮವಾಗಿ ಓದಲು ವರ್ನಿಯರ್ ಗೆರೆಗಳಿವೆ, ಹಾಗಾಗಿ ಒಂದು ಮೈಕ್ರಾನ್‌ವರೆಗೆ (0.001 ಮಿ.ಮೀ.) ಓದಬಹುದು. ಲೇತ್ ಮುಂದೆ ದಿನಕ್ಕೆ ನಲವತ್ತು ಐವತ್ತು ಸಲ ಇದನ್ನು ಕೈಗೆತ್ತಿಕೊಳ್ಳುತ್ತೇನೆ.

ಅದಕ್ಕೂ ಮೊದಲು ಎಲ್ಲದಕ್ಕೂ ಡಿಜಿಟಲ್ ವರ್ನಿಯರ್ (ಕ್ಯಾಲಿಪರ್) ಬಳಸುತ್ತಿದ್ದೆ. ಪರದೆಯಲ್ಲಿ 0.01 ಮಿ.ಮೀ. ಕಾಣುತ್ತದೆ, ಅಷ್ಟು ನಿಖರ ಅಂತಲೇ ನಂಬಿದ್ದೆ. ಅದರ ಜೊತೆ ಬಂದ ಹಾಳೆಯಲ್ಲಿ ±0.02 ಅಂತ ಇತ್ತು, ನಾನು ಓದಿರಲಿಲ್ಲ. 25 ಮಿ.ಮೀ. ಶಾಫ್ಟ್‌ಗೆ ಎಚ್6 ಫಿಟ್ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವ ಒಂದು ದರ್ಜೆ) ಕೇಳಿದರೆ ಇರುವ ಜಾಗವೇ 13 ಮೈಕ್ರಾನ್. ಅದನ್ನು 20 ಮೈಕ್ರಾನ್ ಆಚೀಚೆ ಆಗುವ ಸಾಧನದಲ್ಲಿ ಅಳೆಯುವುದು ಹೇಗೆ, ಅಲ್ವಾ? ವರ್ನಿಯರ್‌ನಲ್ಲಿ ಸ್ಕೇಲ್ ಒಂದು ಕಡೆ, ಜಾಬ್ (ಮಾಡುತ್ತಿರುವ ಭಾಗ) ಇನ್ನೊಂದು ಕಡೆ. ಅದನ್ನು ಹಿಡಿಯುವ ಜಾ (ದವಡೆ) ಒಂಚೂರು ವಾಲಿದರೂ ಅಳತೆ ಬದಲಾಗುತ್ತದೆ. ಮೈಕ್ರೋಮೀಟರ್‌ನಲ್ಲಿ ಸ್ಕ್ರೂ ಮತ್ತು ಜಾಬ್ ಒಂದೇ ನೇರದಲ್ಲಿ ಕೂರುತ್ತವೆ. ನನಗೆ ಇದರ ಮೇಲೆ ನಂಬಿಕೆ ಬಂದಿದ್ದು ಇದನ್ನು ಅರ್ಥ ಮಾಡಿಕೊಂಡ ಮೇಲೆ.

ಒಳಗಿರುವುದು ಒಂದು ಸ್ಕ್ರೂ ಅಷ್ಟೇ. ಒಂದು ಸುತ್ತಿಗೆ 0.5 ಮಿ.ಮೀ., ಕೈಯಲ್ಲಿ ತಿರುಗಿಸುವ ಥಿಂಬಲ್ ಮೇಲೆ 50 ಭಾಗ, ಒಂದು ಭಾಗಕ್ಕೆ 0.01. ಫ್ರಾನ್ಸಿನ ಪಾಮರ್ 1848ರಲ್ಲಿ ಪೇಟೆಂಟ್ ಪಡೆದಿದ್ದೂ ಇದೇ ಬಗೆಯ ಸಾಧನಕ್ಕೆ. ಓದುವಾಗ ಸ್ಲೀವ್ ಮೇಲಿನ ಅರ್ಧ ಮಿಲಿಮೀಟರ್ ಗೆರೆ ಕಣ್ಣು ತಪ್ಪಿಸುತ್ತದೆ. ಶುರುವಿನಲ್ಲಿ ನಾನು ಮೂರು ಜಾಬ್ ಹಾಗೇ ಕೆಡಿಸಿದ್ದೇನೆ. ಈಗ ಮೊದಲು ವರ್ನಿಯರ್‌ನಲ್ಲಿ ಒಮ್ಮೆ ನೋಡಿ, ಆಮೇಲೆ ಮೈಕ್ರೋಮೀಟರ್ ಹಿಡಿಯುತ್ತೇನೆ.

ನನಗೆ ಅತಿ ದೊಡ್ಡ ಪಾಠ ಕಲಿಸಿದ್ದು ಬಿಸಿ. ಒಂದು ಸಲ ಬೇರಿಂಗ್ ಕೂರಿಸುವ ನಾಲ್ಕು ಶಾಫ್ಟ್ ಮಾಡುತ್ತಿದ್ದೆ. 25 ಮಿ.ಮೀ., ಕೆ6. ಅಂದರೆ 25.002ರಿಂದ 25.015ರೊಳಗೆ ಇರಬೇಕು. ಫಿನಿಶಿಂಗ್ ಕಟ್ ಮುಗಿದ ಕೂಡಲೇ ಅಳೆದೆ, 25.006 ಬಂತು. ಖುಷಿಯಿಂದ ಬಿಚ್ಚಿ ಪಕ್ಕಕ್ಕಿಟ್ಟೆ. ಮರುದಿನ ಬೇರಿಂಗ್ ಬರೀ ಕೈಯಲ್ಲೇ ಜಾರಿ ಒಳಗೆ ಹೋಯಿತು. ಮತ್ತೆ ಅಳೆದರೆ 24.997. ಸಾಧನವೇ ಕೆಟ್ಟಿದೆ ಅಂದುಕೊಂಡು ಸ್ಲಿಪ್ ಗೇಜ್ (ನಿಖರ ಅಳತೆ ಗೊತ್ತಿರುವ ತುಂಡು) ಹಾಕಿ ನೋಡಿದೆ, ಅದು ಸರಿಯಾಗೇ ಇತ್ತು. ಉಕ್ಕು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 25 ಮಿ.ಮೀ. ಶಾಫ್ಟ್ ಮೂವತ್ತು ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಒಂಬತ್ತು ಮೈಕ್ರಾನ್ ಹತ್ತಿರ ಬಂತು. ನನ್ನ ನಾಲ್ಕೂ ಶಾಫ್ಟ್ ಅಲ್ಲೇ ಹೋದವು. ಅಲ್ಯೂಮಿನಿಯಂ ಆದರೆ ಇದರ ಎರಡರಷ್ಟು. ಡ್ರಾಯಿಂಗಿನ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಅನ್ನುವುದು ನನಗೆ ಬಾಯಿಪಾಠ ಇತ್ತು, ಆದರೆ ಕೈಗೆ ಬಂದಿದ್ದು ಆ ದಿನ. ಈಗ ಫಿನಿಶಿಂಗ್ ಕಟ್‌ಗೆ ಮೊದಲು ಜಾಬ್ ತಣ್ಣಗಾಗಲು ಬಿಡುತ್ತೇನೆ. ಮೈಕ್ರೋಮೀಟರಿನ ಫ್ರೇಮನ್ನೂ ಜಾಸ್ತಿ ಹೊತ್ತು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಅದರ ಮೇಲಿರುವ ಪ್ಲಾಸ್ಟಿಕ್ ಪಟ್ಟಿ ಕೈ ಬಿಸಿ ತಾಗದಿರಲಿ ಅಂತಲೇ ಇರುವುದು.

ತುದಿಯಲ್ಲಿ ಟಿಕ್ ಟಿಕ್ ಅನ್ನುತ್ತಾ ತಿರುಗುವ ರ್ಯಾಚೆಟ್ ಬಗ್ಗೆ ಒಂದು ಮಾತು. ಥಿಂಬಲನ್ನೇ ಹಿಡಿದು ಬಿಗಿದರೆ ನಾಲ್ಕೈದು ಮೈಕ್ರಾನ್ ಸುಮ್ನೆ ಕಡಿಮೆ ಬರುತ್ತದೆ. ಮೂರು ಸಲ ಟಿಕ್ ಅನ್ನಿಸಿ ಓದಿ, ಪ್ರತಿಸಲ ಅಷ್ಟೇ. ಅಳೆಯುವ ಮೊದಲು ಎರಡು ಮುಖಗಳ ನಡುವೆ ಶುಭ್ರ ಕಾಗದ ಹಗುರವಾಗಿ ಹಿಡಿಸಿ ಎಳೆಯಿರಿ, ಎಣ್ಣೆ ಧೂಳು ಎಲ್ಲ ಬರುತ್ತದೆ. ಇಡುವಾಗ ಮುಖಗಳನ್ನು ಒಂದಕ್ಕೊಂದು ತಾಗಿಸಿ ಇಡಬೇಡಿ, ಒಂಚೂರು ಸಂದು ಬಿಡಿ.

ಕೊರತೆಗಳೂ ಇವೆ. ಡಬ್ಬಿಯ ಚಿಲಕ ಎರಡನೇ ವರ್ಷವೇ ಮುರಿಯಿತು. ಕೂಲೆಂಟ್ ತಾಗಿ ಫ್ರೇಮಿನ ಬಣ್ಣ ಎದ್ದಿದೆ. ಆರನೇ ವರ್ಷ ರ್ಯಾಚೆಟ್ ಅಂಟಿಕೊಂಡಿತು, ಬಿಚ್ಚಿ ತೊಳೆದ ಮೇಲೆ ಸರಿಹೋಯಿತು. ವರ್ನಿಯರ್ ಗೆರೆಗಳು ತೀರಾ ಸಣ್ಣ, ಸಂಜೆ ಬೆಳಕಿನಲ್ಲಿ ಕಣ್ಣಿಗೆ ಕಷ್ಟ. ಇದೊಂದರಲ್ಲಿ ಡಿಜಿಟಲ್ ಮಾದರಿ ನಿಜಕ್ಕೂ ಮೇಲು. ಕಣ್ಣು ಮಂಜಾದವರು, ಒಂದೇ ಅಳತೆಯ ನೂರಾರು ಜಾಬ್ ನೋಡುವವರು ಅದನ್ನೇ ಕೊಳ್ಳಲಿ.

ಸವೆತ ಎಷ್ಟು ಅಂದರೆ, ಸೊನ್ನೆಯಲ್ಲಿ ಇವತ್ತಿಗೂ ಸರಿ ತೋರಿಸುತ್ತದೆ. ಆದರೆ ಸೊನ್ನೆ ಒಂದನ್ನೇ ನೋಡಿ ಬಿಡಬೇಡಿ. 5.1, 10.3, 15.0, 20.2, 25 ಹೀಗೆ ಸ್ಲಿಪ್ ಗೇಜ್ ಹಾಕಿ ನೋಡಿ. ಬರೀ ಪೂರ್ತಿ ಮಿಲಿಮೀಟರ್ ಹಾಕಿದರೆ ಥಿಂಬಲ್ ಪ್ರತಿಸಲ ಅದೇ ಗೆರೆಯಲ್ಲಿ ನಿಲ್ಲುತ್ತದೆ, ಸುತ್ತಿನ ನಡುವಿನ ತಪ್ಪು ಗೊತ್ತಾಗುವುದೇ ಇಲ್ಲ. ನನ್ನದು ಹೊಸದರಲ್ಲಿ ±2 ಮೈಕ್ರಾನ್ ಒಳಗಿತ್ತು. ಹೋದ ತಿಂಗಳು ನೋಡಿದಾಗ 20.2ರಲ್ಲಿ ಮೂರು ಮೈಕ್ರಾನ್ ಜಾಸ್ತಿ ತೋರಿಸಿತು. ನಾನು ಹೆಚ್ಚು ಮಾಡುವುದು 20 ಮಿ.ಮೀ. ಆಸುಪಾಸಿನ ಶಾಫ್ಟ್‌ಗಳನ್ನೇ, ಸ್ಕ್ರೂ ಅಲ್ಲೇ ಸವೆದಿದೆ. ಬೇರಿಂಗ್ ಕೂರುವ ಜಾಗಕ್ಕೆ ಅದೇ ಮಾದರಿಯ ಹೊಸದೊಂದನ್ನು ತರಿಸಿದ್ದೇನೆ. ಹಳೆಯದು ಉಳಿದ ಕೆಲಸಕ್ಕೆ ಲೇತ್ ಪಕ್ಕದಲ್ಲೇ ಇದೆ.