ಕಾಡಂಚಿನ ಹೊಲಕ್ಕೆ ಆನೆ ಕಂದಕವೋ, ಸೋಲಾರ್ ತೂಗುಬೇಲಿಯೋ?

ಬಂಡೀಪುರ, ನಾಗರಹೊಳೆ ಅಂಚಿನಲ್ಲಿ ಎರಡೂ ಬಳಕೆಯಲ್ಲಿವೆ. ಆಯ್ಕೆ ನಿಮ್ಮ ಮಣ್ಣು ಮತ್ತು ಮಳೆಯನ್ನು ಅವಲಂಬಿಸಿದೆ.

ಕಂದಕ ಸುಮಾರು 3 ಮೀಟರ್ ಅಗಲ, 3 ಮೀಟರ್ ಆಳ ಇರಬೇಕು. ಗಟ್ಟಿ ಮಣ್ಣಿನ ಸಮತಟ್ಟು ಜಾಗದಲ್ಲಿ ಚೆನ್ನಾಗಿ ನಿಲ್ಲುತ್ತದೆ. ಸಡಿಲ ಮಣ್ಣಿನಲ್ಲಿ, ಇಳಿಜಾರಿನಲ್ಲಿ ಮಳೆಗೆ ಅಂಚು ಕುಸಿದು ಹೂಳು ತುಂಬುತ್ತದೆ; ಆನೆಗಳೂ ಕಾಲಿನಿಂದ ಮಣ್ಣು ತಳ್ಳಿ ದಾರಿ ಮಾಡಿಕೊಳ್ಳುತ್ತವೆ. ಹಳ್ಳ ಅಡ್ಡ ಬಂದಲ್ಲಿ ಕಂದಕ ಮುರಿಯಲೇಬೇಕು, ಆನೆ ಹುಡುಕುವುದೂ ಅದೇ ಸಂದನ್ನು. ಮರಿಗಳು ಬೀಳುವ ಅಪಾಯವೂ ಇದೆ.

ತೂಗುಬೇಲಿಯಲ್ಲಿ ಎತ್ತರದ ಕಂಬಗಳ ನಡುವಿನ ತಂತಿಯಿಂದ ಎಳೆಗಳು ನೆಲ ಮುಟ್ಟದಂತೆ ಇಳಿಬಿದ್ದಿರುತ್ತವೆ. ದಂತದಲ್ಲಿ ವಿದ್ಯುತ್ ಸರಿಯಾಗಿ ಹರಿಯದ ಕಾರಣ ಸಾಮಾನ್ಯ ಸೋಲಾರ್ ಬೇಲಿಯ ತಂತಿಯನ್ನು ಸಲಗಗಳು ದಂತದಿಂದಲೇ ಕೀಳುತ್ತವೆ. ತೂಗುವ ಎಳೆ ಸೊಂಡಿಲಿಗೆ, ಮೈಗೆ ತಾಗುವುದರಿಂದ ಆ ಉಪಾಯ ಅಷ್ಟು ಸುಲಭವಲ್ಲ. ಎನರ್ಜೈಸರ್ (ಬೇಲಿಗೆ ವಿದ್ಯುತ್ ಕೊಡುವ ಸಾಧನ) ಬಿಡುವುದು ಕ್ಷಣಮಾತ್ರದ ಮಿಡಿತ, ಬೆಚ್ಚಿಸುತ್ತದೆ, ಕೊಲ್ಲುವುದಿಲ್ಲ.

ಆದರೆ ನಿರ್ವಹಣೆ ತಪ್ಪಿದರೆ ಅದು ಬರೀ ತಂತಿ. ಬಳ್ಳಿ, ಲಂಟಾನ ತಾಗಿದರೆ ವಿದ್ಯುತ್ ಸೋರುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ಕೆಡುತ್ತದೆ, ನೆಲಕ್ಕೆ ಹೂತ ಅರ್ಥಿಂಗ್ ಸರಳಿನ ಬುಡಕ್ಕೆ ನೀರು ಹಾಕಿ. ಸಂಜೆ ವೋಲ್ಟ್ ಪರೀಕ್ಷಿಸಿ, ಪ್ಯಾನಲ್ ಒರೆಸಿ, ಬ್ಯಾಟರಿ ನೋಡಿ.

230 ವೋಲ್ಟ್ ಮನೆ ಲೈನನ್ನು ಬೇಲಿಗೆ ಎಂದೂ ಕೊಡಬೇಡಿ. ಆನೆ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ.

ದಿನವೂ ನೋಡಿಕೊಳ್ಳುವವರಿದ್ದರೆ ತೂಗುಬೇಲಿಯೇ ಮೇಲು. ಯಾವುದಾದರೂ ಸರಿ, ಹೊಲವನ್ನಷ್ಟೇ ಸುತ್ತುವರಿಯಿರಿ. ಆನೆಗಳ ಓಡಾಟದ ದಾರಿಗೆ ಅಡ್ಡ ಹಾಕಿದರೆ ಅವು ಪಕ್ಕದವರ ಗದ್ದೆಗೆ ನುಗ್ಗುತ್ತವೆ.