ದಾವಣಗೆರೆಯ ಒಂದು ಸಿಇಟಿ ಕ್ರ್ಯಾಶ್ ಕೋರ್ಸ್: ದುಡ್ಡು ಕೊಡಬೇಕಾದ್ದು ಭಾನುವಾರದ ಟೆಸ್ಟ್‌ಗೆ

ಕಾಲೇಜಿನ ಎದುರು ಜೆರಾಕ್ಸ್ ಮತ್ತು ಸೈಬರ್ ಅಂಗಡಿ ಇಟ್ಟುಕೊಂಡವನು ನಾನು. ಸುತ್ತಲಿನ ಕೋಚಿಂಗ್ ಸೆಂಟರ್‌ಗಳ ನೋಟ್ಸು ನನ್ನ ಮಷಿನ್‌ನಲ್ಲೇ ಪ್ರಿಂಟ್ ಆಗುತ್ತದೆ. ಹಾಗಾಗಿ ಎಂಜಿನಿಯರಿಂಗ್ ಸೀಟಿನ ಪ್ರವೇಶ ಪರೀಕ್ಷೆ ಸಿಇಟಿಗೆಂದು ಮಗಳನ್ನು ಸೇರಿಸಿದ ಸೆಂಟರಿನ ಹೆಸರು ಬರೆಯುವುದಿಲ್ಲ, ಗಿರಾಕಿ ಕಳೆದುಕೊಳ್ಳೋಕೆ ಇಷ್ಟವಿಲ್ಲ. ಆದರೆ ಎಲ್ಲರ ನೋಟ್ಸು ನೋಡಿದವನಾಗಿ ಹೇಳುತ್ತೇನೆ, ಈ ಕೋರ್ಸ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಎಲ್ಲಿಗೆ ಸೇರಿಸುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಮಗಳಿಗೆ ಬೆಂಗಳೂರಿನ ಯುವಿಸಿಇ ಬೇಕಿತ್ತು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ ಶುರುವಾದ ಕಾಲೇಜು. ಈಗ ಅದೇ ಒಂದು ಸರ್ಕಾರಿ ವಿಶ್ವವಿದ್ಯಾಲಯ. ಅದು ಸಿಗದಿದ್ದರೆ ನಮ್ಮೂರಿನ ಎಂಜಿನಿಯರಿಂಗ್ ಕಾಲೇಜು ಯುಬಿಡಿಟಿ. ಮ್ಯಾನೇಜ್‌ಮೆಂಟ್ ಸೀಟಿನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೋರ್ಸ್ ಫೀಸು 12,000, ಮೆಟೀರಿಯಲ್‌ಗೆ ಬೇರೆ 1,500. ಮೆಟೀರಿಯಲ್ ಪ್ರಿಂಟ್ ಮಾಡಿದ್ದು ನಾನೇ, ನನಗೇ ಡಿಸ್ಕೌಂಟ್ ಕೊಡಲಿಲ್ಲ ನೋಡಿ!

ಮೊದಲು ಅವರು ಜನವರಿಯಲ್ಲೇ ಸಂಜೆ ಬ್ಯಾಚ್‌ಗೆ ಬಾ ಎಂದು ಕರೆದರು. ನಾನು ಒಪ್ಪಲಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಸಿಇಟಿಗೆ ಅರ್ಧ ತೂಕ, ಸೆಕೆಂಡ್ ಪಿಯು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕಕ್ಕೆ ಇನ್ನರ್ಧ ತೂಕ. ಗೋಡೆ ಮೇಲೆ ‘ಸಿಇಟಿ ಸ್ಕೋರ್ ಡಬಲ್’ ಎಂದು ಫ್ಲೆಕ್ಸ್ ಹಾಕುವವರು ಈ ಇನ್ನರ್ಧದ ಬಗ್ಗೆ ಬಾಯಿ ಬಿಡುವುದಿಲ್ಲ. ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಪಠ್ಯಪುಸ್ತಕ ಬಿಟ್ಟು ಬೇರೇನೂ ಬೇಡ ಎಂದೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನ ಸಿಇಟಿವರೆಗೆ ಸಿಗುವ ಆ ಗ್ಯಾಪ್‌ಗೆ ಮಾತ್ರ ಸೇರಿಸಿದೆ.

ವಾರದ ದಿನಗಳ ಕ್ಲಾಸಿನ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ದೊಡ್ಡ ಹಾಲ್, ಮೈಕ್, ಬೋರ್ಡ್ ತುಂಬ ಫಾರ್ಮುಲಾ. ಪಿಯು ಲೆಕ್ಚರರ್ ಹೇಳಿದ್ದನ್ನೇ ಇನ್ನೊಮ್ಮೆ ಓಡಿಸುತ್ತಾರೆ. ಫಿಸಿಕ್ಸ್ ಸರ್ ಸಂಜೆ ಹೊತ್ತಿಗೆ ಸುಸ್ತಾಗಿರುತ್ತಿದ್ದರು ಎಂದಳು ಮಗಳು. ಡೌಟ್ ಕೇಳಿದರೆ ‘ನಾಳೆ’ ಎನ್ನುತ್ತಿದ್ದರಂತೆ.

ಮೆಟೀರಿಯಲ್ ಬಗ್ಗೆ ಮಾತ್ರ ನನಗೆ ನಿಜವಾದ ಸಿಟ್ಟಿದೆ. ಕೆಮಿಸ್ಟ್ರಿ ಪುಸ್ತಕದಲ್ಲಿ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ ಎಲ್ಲ ಹಾಗೇ ಕೂತಿವೆ. ಫಿಸಿಕ್ಸ್‌ನಲ್ಲಿ ಕಮ್ಯುನಿಕೇಷನ್ ಸಿಸ್ಟಮ್ಸ್ ಇದೆ. ಎನ್‌ಸಿಇಆರ್‌ಟಿ ಇವನ್ನೆಲ್ಲ ತೆಗೆದುಹಾಕಿ ಎಷ್ಟೋ ದಿನವಾಯಿತು. 2024ರ ಸಿಇಟಿಯಲ್ಲಿ ಸಿಲಬಸ್‌ನಲ್ಲಿಲ್ಲದ ಪ್ರಶ್ನೆಗಳು ಬಂದು ಎಷ್ಟು ಗಲಾಟೆಯಾಯಿತು ಅಂತ ನೆನಪಿದೆ ಅಲ್ವಾ? ಕೊನೆಗೆ ಬಯಾಲಜಿಯೂ ಸೇರಿ ನಾಲ್ಕು ವಿಷಯಗಳಿಂದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಅದಾದ ಮೇಲೂ ಹಳೇ ಫೈಲನ್ನೇ ಮುಖಪುಟ ಬದಲಿಸಿ ಪ್ರಿಂಟ್‌ಗೆ ಕೊಡುತ್ತಾರೆ. ಪೆನ್‌ಡ್ರೈವ್‌ನಲ್ಲಿ ಫೈಲಿನ ತಾರೀಖು ನೋಡಿದರೆ ಗೊತ್ತಾಗುತ್ತದೆ. ಮಗಳು ಇಂಡೆಕ್ಸ್ ಪಕ್ಕದಲ್ಲಿ ಈಗಿನ ಸಿಲಬಸ್ ಇಟ್ಟುಕೊಂಡು, ಬೇಡದ ಪಾಠಗಳಿಗೆ ಸ್ಟೇಪ್ಲರ್ ಹೊಡೆದಳು. ಪುಸ್ತಕ ಅರ್ಧಕ್ಕರ್ಧ ಅಲ್ಲದಿದ್ದರೂ ಕೈಗೆ ಗೊತ್ತಾಗುವಷ್ಟು ತೆಳ್ಳಗಾಯಿತು.

ಈಗ ಭಾನುವಾರಕ್ಕೆ ಬರುತ್ತೇನೆ. ಪ್ರತಿ ಭಾನುವಾರ ಮೂರೂ ವಿಷಯಕ್ಕೆ ಪೂರ್ತಿ ಟೆಸ್ಟ್. ಅಸಲಿ ಅಳತೆಯ ಒಎಂಆರ್ ಹಾಳೆ (ಉತ್ತರದ ಬಬಲ್ ತುಂಬುವ ಹಾಳೆ), ಬಾಲ್ ಪೆನ್, ಗಂಟೆ. ಹಳೇ ಸಿಇಟಿ ಪ್ರಶ್ನೆ ಪತ್ರಿಕೆಯ ಮುಖಪುಟ ನೋಡಿ: ಒಟ್ಟು ಅವಧಿ 80 ನಿಮಿಷ, ಉತ್ತರಿಸಲು 70 ನಿಮಿಷ. ಇವರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. ಮೊದಲ ಹತ್ತು ನಿಮಿಷ ಬರೀ ಹೆಸರು, ನಂಬರು, ವರ್ಷನ್ ಕೋಡ್ ತುಂಬಬೇಕು. ಪ್ರಶ್ನೆ ಪತ್ರಿಕೆ ಮುಟ್ಟಿದರೆ ಬೈಗುಳ. ಉಳಿದ 70 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ 70 ಸೆಕೆಂಡ್, ಬಬಲ್ ತುಂಬುವುದೂ ಅದರಲ್ಲೇ.

ಮೊದಲ ಟೆಸ್ಟ್‌ನಲ್ಲಿ ಅವಳಿಗೆ 180ಕ್ಕೆ 84. ಮ್ಯಾಥ್ಸ್ ಹಾಳೆ ನೋಡಿದರೆ 23ನೇ ಪ್ರಶ್ನೆ ಬಿಟ್ಟು ಮುಂದೆ ಹೋಗಿದ್ದಾಳೆ, ಬಬಲ್ ಮಾತ್ರ ಬಿಟ್ಟಿಲ್ಲ. ಅಲ್ಲಿಂದ ಮುಂದೆ ಎಲ್ಲವೂ ಒಂದೊಂದು ಸಾಲು ಮೇಲೆ. ಗೊತ್ತಿದ್ದ ಉತ್ತರಗಳೆಲ್ಲ ಗೋವಿಂದ! ಆಮೇಲಿನ ವಾರದಿಂದ ಹತ್ತು ಪ್ರಶ್ನೆಗೊಮ್ಮೆ ನಂಬರ್ ತಾಳೆ ನೋಡುವ ಅಭ್ಯಾಸ ಬಂತು. ಇದನ್ನು ಯಾವ ಲೆಕ್ಚರೂ ಕಲಿಸುವುದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮ್ಯಾಥ್ಸ್ ಸರ್ ಕೂರುತ್ತಾರೆ. ವಯಸ್ಸಾದವರು, ಮೈಕ್ ಮುಟ್ಟುವುದಿಲ್ಲ. ಪ್ರತಿಯೊಬ್ಬರ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್, ಅದರಲ್ಲಿ ಮೂರು ಕಾಲಂ: ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಲೆಕ್ಕ ತಪ್ಪಿತು, ಟೈಮ್ ಸಾಲಲಿಲ್ಲ. ತಪ್ಪಿದ ಪ್ರತಿ ಪ್ರಶ್ನೆಯೂ ಯಾವುದಾದರೂ ಒಂದು ಕಾಲಂಗೆ ಹೋಗಲೇಬೇಕು. ನಮ್ಮವಳದ್ದು ಮೂರನೇ ಕಾಲಂ ತುಂಬಿ ಹರಿಯುತ್ತಿತ್ತು. ಇಂಟಿಗ್ರೇಷನ್‌ನ್ನು ಬೋರ್ಡ್ ಪರೀಕ್ಷೆ ಥರ ಉದ್ದಕ್ಕೆ ಬಿಡಿಸುತ್ತಿದ್ದಳು. ‘ನಾಲ್ಕು ಉತ್ತರ ಕೊಟ್ಟಿದ್ದಾರಲ್ಲಮ್ಮ, ಅವನ್ನೇ ಡಿಫರೆನ್ಷಿಯೇಟ್ ಮಾಡಿ ನೋಡು’ ಎಂದರಂತೆ. 3×3 ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ 5 ಇದ್ದರೆ ಅದರ ಅಡ್ಜಾಯಿಂಟ್‌ನದ್ದು 25, ಮ್ಯಾಟ್ರಿಕ್ಸ್ ಬರೆಯೋಕೆ ಕೂರಬೇಡ ಎಂದು ಬೈದಿದ್ದನ್ನು ಅವಳು ಮನೆಯಲ್ಲಿ ಅನುಕರಣೆ ಮಾಡಿ ತೋರಿಸುತ್ತಿದ್ದಳು.

ಅವರದ್ದೇ ಇನ್ನೊಂದು ಮಾತು: ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಖಾಲಿ ಬಬಲ್ ಬಿಟ್ಟು ಎದ್ದು ಬಂದರೆ ಮುಂದಿನ ವಾರ ಬರಬೇಡ. ಕೊನೆಯ ಐದು ನಿಮಿಷ ಬರೀ ತುಂಬುವುದಕ್ಕೆ. ಫಸ್ಟ್ ಪಿಯು ಪಾಠಗಳನ್ನು ಬಿಡದೆ ಟೆಸ್ಟ್‌ಗೆ ಹಾಕಿದ್ದೂ ಇವರೇ. ಸಿಇಟಿಗೆ ಎರಡೂ ವರ್ಷದ ಪೋರ್ಷನ್ ಬರುತ್ತದೆ. ಮಕ್ಕಳು ಮಾತ್ರ ಫಸ್ಟ್ ಪಿಯು ಪುಸ್ತಕವನ್ನು ಪಾಸಾದ ದಿನವೇ ಜೂನಿಯರ್‌ಗೆ ಮಾರಿರುತ್ತಾರೆ.

ಕೊನೆಯ ಟೆಸ್ಟ್ ಹೊತ್ತಿಗೆ ಸ್ಕೋರ್ 120 ದಾಟಿತು. ಹೊಸದಾಗಿ ಕಲಿತಿದ್ದು ಕಮ್ಮಿ, ಕಲಿತಿದ್ದನ್ನು ಹಾಳೆ ಮೇಲೆ ಇಳಿಸೋಕೆ ಬಂತು ಅಷ್ಟೆ. ಹಾಗಾದರೆ ಇದನ್ನು ಮನೆಯಲ್ಲೇ ಮಾಡಬಹುದಲ್ಲ ಎಂದು ಕೇಳಬಹುದು. ಮಾಡಬಹುದು. ಸಿಇಟಿ ನಡೆಸುವ ಕೆಇಎ ವೆಬ್‌ಸೈಟ್‌ನಲ್ಲಿ ಹಳೇ ಪ್ರಶ್ನೆ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಐಐಟಿ ಕಾನ್ಪುರದ ಆನ್‌ಲೈನ್ ತಾಣ ‘ಸಾಥಿ’ ಕೂಡ ಪುಕ್ಕಟೆ, ಅದು ಜೆಇಇ ಕಡೆಗೆ ವಾಲಿದ್ದರೂ ಪ್ರಾಕ್ಟೀಸ್‌ಗೆ ಪರವಾಗಿಲ್ಲ. ಹಟ ಹಿಡಿದು 70 ನಿಮಿಷ ಒಂದೇ ಕಡೆ ಕೂರುವ ಮಗುವಿಗೆ ಇಷ್ಟು ಸಾಕು. ನಮ್ಮವಳು ಮನೆಯಲ್ಲಿ ಅರ್ಧ ಗಂಟೆಗೊಮ್ಮೆ ನೀರು ಕುಡಿಯೋಕೆ ಏಳುತ್ತಾಳೆ.

ಒಂದು ಎಚ್ಚರಿಕೆ. ರಿಸಲ್ಟ್ ಬಂದ ಮೇಲೆ ಸೆಂಟರಿನವರು ‘ಆಪ್ಷನ್ ಎಂಟ್ರಿ ಗೈಡೆನ್ಸ್’ (ಬೇಕಾದ ಕಾಲೇಜು, ಬ್ರಾಂಚ್‌ಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತುಂಬೋಕೆ ಸಹಾಯ) ಎಂದು ಇನ್ನೂ 2,000 ಕೇಳುತ್ತಾರೆ. ಕೊಡಬೇಡಿ. ನನ್ನ ಅಂಗಡಿಗೂ ಬರಬೇಡಿ, ಮನೆಯಲ್ಲೇ ಕೂತು ಮಾಡಿ, ಪಾಸ್‌ವರ್ಡ್ ಯಾರ ಕೈಗೂ ಕೊಡಬೇಡಿ. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತಾ ಹೋಗಿ ನಿಮ್ಮ ರ‍್ಯಾಂಕ್‌ಗೆ ಮೊದಲು ಸಿಕ್ಕ ಸೀಟನ್ನು ಕೊಡುತ್ತಾರೆ. ಆಸೆಪಟ್ಟಿದ್ದನ್ನು ಮೇಲೆ ಹಾಕಿ. ‘ಹೇಗೂ ಸಿಗಲ್ಲ’ ಎಂದು ಕೆಳಗಿಟ್ಟವರು ಪ್ರತಿವರ್ಷ ನನ್ನ ಕೌಂಟರ್ ಮುಂದೆ ಅಳುತ್ತಾರೆ. ಹಳ್ಳಿಯಲ್ಲಿ ಒಂದರಿಂದ ಹತ್ತರವರೆಗೆ ಓದಿದ್ದರೆ ಗ್ರಾಮೀಣ ಕೋಟಾ, ಅಷ್ಟೂ ವರ್ಷ ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಕೋಟಾ ಇದೆ, ಸರ್ಟಿಫಿಕೇಟ್ ಮೊದಲೇ ಮಾಡಿಸಿಡಿ. ಮಗಳಿಗೆ ಮೊದಲ ಸುತ್ತಿನಲ್ಲಿ ಯುಬಿಡಿಟಿ ಬಂತು. ಚಾಯ್ಸ್ 2 ಕೊಟ್ಟೆವು, ಅಂದರೆ ಈ ಸೀಟು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಕೊಡಿ ಅಂತ. ಎರಡನೇ ಸುತ್ತಿನಲ್ಲಿ ಯುವಿಸಿಇ ಸಿವಿಲ್ ಸಿಕ್ಕಿತು.

ಐದಕ್ಕೆ ಮೂರು ಸ್ಟಾರ್, ಮೂರೂ ಮ್ಯಾಥ್ಸ್ ಸರ್‌ಗೆ. ಮಗ ಈಗ ಫಸ್ಟ್ ಪಿಯು. ಕ್ಲಾಸು, ಮೆಟೀರಿಯಲ್ ಏನೂ ಬೇಡ, ಭಾನುವಾರದ ಟೆಸ್ಟ್ ಮಾತ್ರ ಕೊಡ್ತೀರಾ, ಎಷ್ಟಾಗುತ್ತೆ ಎಂದು ಕೇಳಿದ್ದೇನೆ. ಯೋಚನೆ ಮಾಡಿ ಹೇಳ್ತೀವಿ ಅಂದಿದ್ದಾರೆ.